ಸಂಬಳವಿಲ್ಲದ ಕಾವಲುಗಾರ

ಮನೆಯಲ್ಲಿ ಒಂದು ಗಣಕಯಂತ್ರವನ್ನು ಇರಿಸಿಕೊಂಡಿರುವ ಗೃಹಸ್ಥನಿಗೆ, ಅದು ತನ್ನ ಪಾಡಿಗೆ ತಾನು ಕೆಲಸಮಾಡಿಕೊಂಡಿರುವವರೆಗೂ ಅದರ ಕ್ಷೇಮದ ಚಿಂತೆ ಹುಟ್ಟುವುದಿಲ್ಲ. ಒಂದು ದಿನ ಪರದೆಯ ಮೂಲೆಯಲ್ಲಿ ಕೆಂಪು ಚೌಕವೊಂದು ಮೂಡಿ, ಯಂತ್ರದೊಡನೆ ಬಂದಿದ್ದ ಆಂಟಿವೈರಸ್ಸಿನ ಅವಧಿ ತೀರಿತೆಂದು ಸಾರಿದಾಗ ಮಾತ್ರ, ಇದುವರೆಗೆ ತನ್ನನ್ನು ಕಾಯುತ್ತಿದ್ದವರು ಯಾರು, ಯಾವುದರಿಂದ ಕಾಯುತ್ತಿದ್ದರು, ಇನ್ನು ಮುಂದೆ ಆ ಕಾವಲಿಗೆ ಹಣ ತೆರಬೇಕೆ ಬೇಡವೆ ಎಂಬ ಪ್ರಶ್ನೆಗಳು ಒಟ್ಟಿಗೆ ಬಂದು ಎದುರು ನಿಲ್ಲುತ್ತವೆ. ಮೇಲುನೋಟಕ್ಕೆ ಇದು ವರ್ಷಕ್ಕೆ ಕೆಲವು ನೂರು ರೂಪಾಯಿಗಳ ಮಾತು. ಆದರೆ ಮದುವೆಯ ಚಿತ್ರಗಳು, ಮಕ್ಕಳ ಅಂಕಪಟ್ಟಿಗಳು, ಬ್ಯಾಂಕಿನ ಲೆಕ್ಕ, ಮನೆಯ ಕ್ರಯಪತ್ರದ ಪ್ರತಿ, ಇವೆಲ್ಲವೂ ಸೇರಿಕೊಂಡಿರುವ ಯಂತ್ರವನ್ನು ಯಾರ ವಶಕ್ಕೆ ಒಪ್ಪಿಸುವುದೆಂಬುದು ಅಲ್ಪ ವಿಚಾರವಲ್ಲವೆಂದು ನನ್ನ ದೃಢವಾದ ನಂಬಿಕೆ.

ನಾನು ವಾಸಿಸುವ ಲಷ್ಕರ್ ಮೊಹಲ್ಲಾ ಮೈಸೂರು ನಗರದ ಹಳೆಯ ಭಾಗಗಳಲ್ಲಿ ಒಂದು. ಒಂದೆಡೆ ಇರ್ವಿನ್ ರಸ್ತೆ, ಇನ್ನೊಂದೆಡೆ ಅಶೋಕ ರಸ್ತೆ, ಆ ರಸ್ತೆಯ ಮೇಲೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರವಿಟ್ಟ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳು, ಹಗಲಿರುಳೆನ್ನದೆ ಬಸ್ಸುಗಳು ಬಂದು ಹೋಗುವ ಗ್ರಾಮಾಂತರ ನಿಲ್ದಾಣ. ಇವುಗಳ ನಡುವಣ ಬೀದಿಗಳಲ್ಲಿ ಮನೆ ಮತ್ತು ಅಂಗಡಿ ಎಂಬ ಭೇದವೇ ಬಲು ತೆಳುವಾದದ್ದು. ಕೆಳಗೆ ವ್ಯಾಪಾರ, ಮೇಲೆ ಸಂಸಾರ. ಹಗಲು ಜಿ.ಎಸ್.ಟಿ. ಲೆಕ್ಕ ಬರೆದ ಯಂತ್ರದಲ್ಲಿಯೇ ರಾತ್ರಿ ಮಗಳು ಕಾಲೇಜಿನ ಪ್ರಾಜೆಕ್ಟನ್ನು ಬರೆಯುತ್ತಾಳೆ. ಅದರಲ್ಲಿಯೇ ಅಜ್ಜ ತಮ್ಮ ಪಿಂಚಣಿಯ ವಿವರ ನೋಡುತ್ತಾರೆ. ಅದರಲ್ಲಿಯೇ ದುಬೈಯಲ್ಲಿರುವ ಮಗನ ಮುಖವನ್ನು ತಾಯಿ ಕಾಣುತ್ತಾಳೆ. ಕಾರ್ಯಾಲಯಗಳಲ್ಲಿಯಾದರೆ ಯಂತ್ರಗಳ ಯೋಗಕ್ಷೇಮಕ್ಕೆಂದು ನೌಕರರಿರುತ್ತಾರೆ. ಇಲ್ಲಿ ಆ ಭಾರವೆಲ್ಲ ಮನೆಯ ಯಜಮಾನನದು, ಅಥವಾ ಹತ್ತನೆಯ ತರಗತಿ ಮುಗಿಸಿದ ಅವನ ಮಗನದು.

ಇಂತಹ ಮನೆಗಳಿಗೆ ವೈರಸ್ಸು ಬರುತ್ತಿದ್ದ ದಾರಿ ನನಗೆ ಚೆನ್ನಾಗಿ ಗೊತ್ತು. ಅಂತರ್ಜಾಲಕ್ಕಿಂತ ಮೊದಲು ಅದು ಬಂದದ್ದು ಪೆನ್‌ಡ್ರೈವಿನ ಮೂಲಕ. ಬಸ್ ನಿಲ್ದಾಣದ ಸುತ್ತಣ ಜೆರಾಕ್ಸ್ ಅಂಗಡಿಗಳಲ್ಲಿ ಪರೀಕ್ಷೆಯ ದಿನಗಳಲ್ಲಿ ನೆರೆಯುವ ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ತಮ್ಮ ಪೆನ್‌ಡ್ರೈವನ್ನು ಅದೇ ಯಂತ್ರಕ್ಕೆ ಚುಚ್ಚಿ, ಮುದ್ರಣ ಮುಗಿಸಿ, ಅದನ್ನು ಜೇಬಿಗಿಳಿಸಿ ಮನೆಗೆ ಒಯ್ಯುತ್ತಿದ್ದರು. ಆಗಿನ ವಿಂಡೋಸ್ ವ್ಯವಸ್ಥೆ, ಚುಚ್ಚಿದ ಸಾಧನದಲ್ಲಿ ಏನಿದೆಯೋ ಅದನ್ನು ಯಾರ ಅಪ್ಪಣೆಗೂ ಕಾಯದೆ ತಾನಾಗಿ ನಡೆಸುವ ಅಭ್ಯಾಸವುಳ್ಳದ್ದಾಗಿತ್ತು. 2008ರಲ್ಲಿ ಲೋಕವನ್ನೆಲ್ಲ ವ್ಯಾಪಿಸಿದ ಕಾನ್‌ಫಿಕರ್ ಎಂಬ ಕ್ರಿಮಿಯು ತನ್ನ ಪ್ರಸಾರಕ್ಕೆ ಈ ಅಭ್ಯಾಸವನ್ನೂ ಬಳಸಿಕೊಂಡಿತು. 2011ರಲ್ಲಿ ಮೈಕ್ರೋಸಾಫ್ಟಿನವರು ಹಳೆಯ ವಿಂಡೋಸ್‌ಗಳಲ್ಲಿಯೂ ಆ ಬಾಗಿಲನ್ನು ಮುಚ್ಚಿದರು. ಅದಾದ ಮೇಲೂ, ಕಡತಕೋಶಗಳನ್ನೆಲ್ಲ ಮರೆಮಾಡಿ ಅವುಗಳ ಜಾಗದಲ್ಲಿ ಅದೇ ಹೆಸರಿನ ಸುಳ್ಳು ಗುರುತುಗಳನ್ನು ಇಟ್ಟು, ಅದನ್ನು ಒತ್ತಿದವನ ಕೈಯಿಂದಲೇ ತನ್ನನ್ನು ನಡೆಸಿಕೊಳ್ಳುವ 'ಶಾರ್ಟ್‌ಕಟ್ ವೈರಸ್' ಎಂಬುದು ಬಹುಕಾಲ ನಮ್ಮ ಬೀದಿಯ ಮಕ್ಕಳನ್ನು ಕಾಡಿತು. ವರ್ಷವಿಡೀ ದುಡಿದು ಸಿದ್ಧಪಡಿಸಿದ ಪ್ರಬಂಧ ಕಾಣೆಯಾಯಿತೆಂದು ಅತ್ತ ಹುಡುಗಿಯನ್ನು ನಾನು ಬಲ್ಲೆ. ಕಡತ ಅಲ್ಲಿಯೇ ಇತ್ತು, ಮರೆಯಾಗಿತ್ತು ಅಷ್ಟೆ. ಹಾಗೆಂದು ಅವಳಿಗೆ ಹೇಳುವವರು ಹತ್ತಿರದಲ್ಲಿರಲಿಲ್ಲ.

ಹತ್ತಿರದಲ್ಲಿದ್ದವನು ರಿಪೇರಿಯ ಅಂಗಡಿಯವನು. "ವೈರಸ್ ಹೊಡ್ಕೊಂಡಿದೆ ಸಾರ್, ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕ್ಕೊಡ್ತೀನಿ, ಜೊತೆಗೆ ಒಂದು ಆಂಟಿವೈರಸ್ಸೂ ಹಾಕ್ತೀನಿ, ಫ್ರೀ" ಎಂಬ ಅವನ ಮಾತನ್ನು ಕೇಳದ ಮನೆ ಮೈಸೂರಿನಲ್ಲಿ ಅಪರೂಪ. ಅವನನ್ನು ನಾನು ದೂರುವುದಿಲ್ಲ. ದಿನಕ್ಕೆ ಅನೇಕ ಯಂತ್ರಗಳನ್ನು ಬಿಚ್ಚಿ ಮುಚ್ಚುವವನಿಗೆ ಒಂದೊಂದರ ರೋಗವನ್ನೂ ನಿಧಾನವಾಗಿ ಪರಿಶೀಲಿಸುವ ವ್ಯವಧಾನ ಎಲ್ಲಿಂದ ಬರಬೇಕು? ಆದರೆ 'ಫ್ರೀ' ಎಂದು ಅವನು ಹಾಕಿಕೊಟ್ಟದ್ದು ಕೆಲವೊಮ್ಮೆ ನಿಜವಾಗಿಯೂ ಉಚಿತವಾದದ್ದು. ಕೆಲವೊಮ್ಮೆ ಹಣ ತೆತ್ತು ಕೊಳ್ಳಬೇಕಾದುದರ ಕದ್ದ ಪ್ರತಿ. ಈ ಎರಡನೆಯದು ಅತ್ಯಂತ ಅಪಾಯಕರ. ಬೀಗ ಮುರಿದು ಹಂಚಿದ ತಂತ್ರಾಂಶವನ್ನು ಮುರಿದವನು ಯಾರೆಂಬುದು ನಮಗೆ ತಿಳಿಯದು, ಮುರಿಯುವಾಗ ಒಳಗೆ ಏನನ್ನು ಸೇರಿಸಿದನೆಂಬುದೂ ತಿಳಿಯದು; ವೈರಸ್ಸನ್ನು ತಡೆಯಲೆಂದು ತಂದದ್ದರೊಳಗೇ ವೈರಸ್ಸು ಕುಳಿತಿರುವುದುಂಟು. ಉಚಿತವೆಂಬ ಮಾತಿನ ವಿಚಾರ ಮಾಡುವಾಗ ಕಳವನ್ನು ಮೊದಲೇ ಹೊರಗಿಟ್ಟುಬಿಡಬೇಕು.

ಈ ವಿಚಾರವನ್ನು ನನ್ನ ಮನಸ್ಸಿನಲ್ಲಿ ಕದಡಿದವರು ನಮ್ಮ ಎದುರುಮನೆಯ ನಿವೃತ್ತ ಶಿಕ್ಷಕಿಯವರು. ಒಂದು ಸಂಜೆ ಅವರು ಬಂದು, "ಮೇಷ್ಟ್ರೇ, ಅಂಗಡಿ ಹುಡುಗ ಮೂರು ಹೆಸರು ಹೇಳಿದ, ಮೂರೂ ಫ್ರೀನೇ ಅಂತಾನೆ. ಯಾವುದು ಒಳ್ಳೇದು ಅಂತ ಆಮೇಲೆ ಹೇಳೀರಂತೆ, ಫ್ರೀಯಾಗಿ ಕೊಟ್ರೆ ಅವರಿಗೇನು ಬರತ್ತೆ, ಅದನ್ನ ಮೊದಲು ಹೇಳಿ" ಎಂದರು. ಎಷ್ಟೋ ತಜ್ಞರು ಎಷ್ಟೋ ಕೋಷ್ಟಕಗಳನ್ನು ರಚಿಸಿ, ಯಾವ ಆಂಟಿವೈರಸ್ಸು ನೂರಕ್ಕೆ ಎಷ್ಟನ್ನು ಹಿಡಿಯಿತೆಂದು ಲೆಕ್ಕಹಾಕಿರುತ್ತಾರೆ. ಆದರೆ ಕೇಳತಕ್ಕ ಮೊದಲ ಪ್ರಶ್ನೆಯನ್ನು ಕೇಳಿದವರು ಆಕೆ.

ನಮ್ಮ ಮೊಹಲ್ಲಾದಲ್ಲಿ ರಾತ್ರಿಯ ಹೊತ್ತು ಸಿಳ್ಳು ಹಾಕುತ್ತ, ಕೋಲನ್ನು ನೆಲಕ್ಕೆ ಕುಟ್ಟುತ್ತ ಬೀದಿ ಸುತ್ತುವ ಗೂರ್ಖಾ ತಿಂಗಳ ಮೊದಲ ವಾರದಲ್ಲಿ ಮನೆಮನೆಗೂ ಬಂದು ತನ್ನ ಹಣ ಕೇಳುತ್ತಾನೆ. ಅವನು ಬೀದಿಯಲ್ಲಿರುತ್ತಾನೆ, ಮನೆಯೊಳಗೆ ಕಾಲಿಡುವುದಿಲ್ಲ; ಅವನ ಅನ್ನ ಎಲ್ಲಿಂದ ಬರುತ್ತದೆಂಬುದು ನಮಗೆಲ್ಲ ಗೊತ್ತು. ಆಂಟಿವೈರಸ್ಸು ಅವನಂತಹ ಕಾವಲುಗಾರನಲ್ಲ. ಅದು ಮನೆಯೊಳಗೇ ಇರುವಂಥದು. ಯಂತ್ರದ ಅಂತರಾಳದಲ್ಲಿ, ನಾವು ಬಳಸುವ ಇತರ ಯಾವ ತಂತ್ರಾಂಶಕ್ಕೂ ಇಲ್ಲದ ಅಧಿಕಾರವನ್ನು ಪಡೆದು, ತೆರೆಯುವ ಪ್ರತಿಯೊಂದು ಕಡತವನ್ನೂ ತೆರೆಯುವ ಮುನ್ನ ತಾನು ಓದುವಂಥದು. ಅನುಮಾನ ಬಂದ ಕಡತದ ಗುರುತನ್ನು, ಅನೇಕ ವೇಳೆ ಕಡತವನ್ನೇ, ತನ್ನ ಒಡೆಯರ ದೂರದ ಯಂತ್ರಾಗಾರಕ್ಕೆ ಕಳುಹಿಸುವಂಥದು. ಕೆಲವು ಆಂಟಿವೈರಸ್ಸುಗಳು ಬ್ಯಾಂಕು ಮೊದಲಾದ ತಾಣಗಳೊಡನೆ ನಾವು ನಡೆಸುವ ಗೂಢಲಿಪಿಯ ಸಂಭಾಷಣೆಯನ್ನೂ ನಡುವೆ ನಿಂತು ಬಿಡಿಸಿ ನೋಡಬಲ್ಲವು. ಅಷ್ಟೂ ಅಧಿಕಾರವಿಲ್ಲದಿದ್ದರೆ ಅದು ತನ್ನ ಕೆಲಸವನ್ನು ಮಾಡಲಾರದು. ಆದುದರಿಂದ ಅಧಿಕಾರ ತಪ್ಪಲ್ಲ. ಅಷ್ಟು ಅಧಿಕಾರವುಳ್ಳವನಿಗೆ ಸಂಬಳ ಕೊಡುವವರು ಯಾರು ಎಂಬುದನ್ನು ವಿಚಾರಿಸದೆ ಇರುವುದು ತಪ್ಪು.

ಉಚಿತವಾಗಿ ಹಂಚುವವರಿಗೆ ಹಣ ಬರುವ ದಾರಿಗಳು ಹಲವು. ಉಚಿತ ಪ್ರತಿಯನ್ನು ಬಳಸಿದವರಲ್ಲಿ ಕೆಲವರಾದರೂ ಮುಂದೆ ಹಣ ತೆತ್ತು ದೊಡ್ಡ ಪ್ರತಿಯನ್ನು ಕೊಂಡಾರೆಂಬ ನಿರೀಕ್ಷೆ ಒಂದು. ಇದು ಪ್ರಾಮಾಣಿಕವಾದ ವ್ಯಾಪಾರ, ಆಗಾಗ್ಗೆ ಪರದೆಯ ಮೇಲೆ ಮೂಡಿ ಕಾಟಕೊಡುವ ಜಾಹೀರಾತಿನ ಹೊರತು ಅದರಲ್ಲಿ ದೋಷವಿಲ್ಲ. ಸ್ಥಾಪಿಸುವಾಗ ಒಂದು ಪುಟ್ಟ ಚೌಕದಲ್ಲಿ ಮೊದಲೇ ಗುರುತು ಹಾಕಿಟ್ಟು, ನಾವು ಗಮನಿಸದಿದ್ದರೆ ಇನ್ನಾವುದೋ ಬ್ರೌಸರನ್ನೋ ಹುಡುಕುಯಂತ್ರವನ್ನೋ ತಂದು ಕೂರಿಸಿ, ಅದರ ಒಡೆಯರಿಂದ ದಳ್ಳಾಳಿ ಪಡೆಯುವುದು ಇನ್ನೊಂದು. ಮೂರನೆಯದು, ಬಳಸುವವರ ವಿಷಯವನ್ನೇ ಸರಕುಮಾಡಿ ಮಾರುವುದು. ಇದು ಊಹೆಯ ಮಾತಲ್ಲ.

1988ರಲ್ಲಿ ಪ್ರಾಗ್ ನಗರದಲ್ಲಿ ಪಾವೆಲ್ ಬೌದಿಶ್ ಮತ್ತು ಎಡುವರ್ಡ್ ಕುಚೆರಾ ಎಂಬ ಇಬ್ಬರು ಆರಂಭಿಸಿದ ಉದ್ಯಮದಿಂದ ಬೆಳೆದುಬಂದ ಅವಾಸ್ಟ್, 2001ರಿಂದ ಮನೆಯ ಬಳಕೆಗೆ ಉಚಿತವಾಗಿ ದೊರೆಯತೊಡಗಿತು. ಭಾರತದಲ್ಲಿಯೂ ಅದು ಮನೆಮಾತಾಯಿತು. ನಮ್ಮ ಬೀದಿಯಲ್ಲಿ ಅದರ ಕಿತ್ತಳೆಯ ಬಣ್ಣದ ಚಿಹ್ನೆ ಇಲ್ಲದ ಪರದೆಯೇ ವಿರಳವೆನ್ನುವ ಕಾಲವೊಂದಿತ್ತು. 2020ರ ಜನವರಿಯಲ್ಲಿ ಅಮೆರಿಕೆಯ ಪತ್ರಕರ್ತರು ಒಂದು ಸಂಗತಿಯನ್ನು ಹೊರಗೆಡಹಿದರು: ಆ ಸಂಸ್ಥೆ ತನ್ನ ತಂತ್ರಾಂಶದ ಮೂಲಕ ಜನ ಅಂತರ್ಜಾಲದಲ್ಲಿ ಎಲ್ಲೆಲ್ಲಿ ಅಡ್ಡಾಡಿದರೆಂಬ ವಿವರಗಳನ್ನು ಸಂಗ್ರಹಿಸಿ, ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಅನ್ಯ ಕಂಪನಿಗಳಿಗೆ ಮಾರುತ್ತಿತ್ತು. ಗದ್ದಲವೆದ್ದೊಡನೆ ಜಂಪ್‌ಶಾಟನ್ನು ಮುಚ್ಚಲಾಯಿತು. ಅಮೆರಿಕದ ವಾಣಿಜ್ಯ ಆಯೋಗವು ವಿಚಾರಣೆ ನಡೆಸಿ 2024ರಲ್ಲಿ 1 ಕೋಟಿ 65 ಲಕ್ಷ ಡಾಲರುಗಳ ದಂಡವನ್ನು ಗೊತ್ತುಮಾಡಿ, ಜಾಹೀರಾತಿನ ಉದ್ದೇಶಕ್ಕೆ ಇಂತಹ ವಿವರಗಳ ಮಾರಾಟವನ್ನು ನಿಷೇಧಿಸಿತು. ಯಾವ ತಂತ್ರಾಂಶವು ನಮ್ಮ ಜಾಡನ್ನು ಹಿಡಿಯುವವರನ್ನು ತಡೆಯುತ್ತೇನೆಂದು ವಾಗ್ದಾನಮಾಡಿತ್ತೋ ಅದೇ ನಮ್ಮ ಜಾಡನ್ನು ಹಿಡಿದು ಮಾರಿತೆಂಬುದು ಆಯೋಗದ ಆಕ್ಷೇಪಣೆಯ ತಿರುಳು. ಯಾವ ವೈದ್ಯರ ವಿಷಯ ಹುಡುಕಿದರು, ಯಾವ ಸಾಲಕ್ಕೆ ಅರ್ಜಿ ಹಾಕಿದರು, ಯಾವ ಮತದ ಪ್ರವಚನ ಕೇಳಿದರು ಎಂಬುದೆಲ್ಲ ಒಬ್ಬ ಮನುಷ್ಯನ ಅಂತರಂಗ. ಅದಕ್ಕೆ ಬೆಲೆಕಟ್ಟುವ ಹಕ್ಕನ್ನು ಯಾವ ಕಾವಲುಗಾರನಿಗೂ ನಾವು ಕೊಟ್ಟಿರಲಿಲ್ಲ.

ಹೆಸರುಗಳು ಹಲವಿದ್ದರೂ ಮನೆ ಒಂದೇ ಎಂಬುದನ್ನೂ ಇಲ್ಲಿ ಹೇಳಬೇಕು. 2016ರಲ್ಲಿ ಅವಾಸ್ಟ್ ಸಂಸ್ಥೆ ಎವಿಜಿಯನ್ನು ಕೊಂಡಿತು. 2021ರಲ್ಲಿ ಅವೀರಾ ನಾರ್ಟನ್ನಿನವರ ವಶವಾಯಿತು. 2022ರಲ್ಲಿ ನಾರ್ಟನ್ನೂ ಅವಾಸ್ಟೂ ಒಂದಾಗಿ ಜೆನ್ ಡಿಜಿಟಲ್ ಎಂಬ ಹೆಸರು ತಳೆದವು. ಎದುರುಮನೆಯವರಿಗೆ ಅಂಗಡಿಯ ಹುಡುಗ ಹೇಳಿದ ಮೂರು ಹೆಸರುಗಳೂ ಇವುಗಳೊಳಗಿನವೇ. ಮೂರರಲ್ಲಿ ಒಂದನ್ನು ಆರಿಸಿಕೊಂಡೆವೆಂದು ನಾವು ತೃಪ್ತಿಪಡುವಲ್ಲಿ ನಿಜವಾಗಿ ಆಯ್ಕೆಯೇ ನಡೆದಿರುವುದಿಲ್ಲ. ಹಳೆಯ ತಪ್ಪಿಗೆ ದಂಡ ತೆತ್ತ ಮೇಲೆ ಅವರು ತಿದ್ದಿಕೊಂಡಿರಬಹುದು. ವೈರಸ್ಸನ್ನು ಹಿಡಿಯುವ ಕೌಶಲದಲ್ಲಿ ಅವರ ತಂತ್ರಾಂಶಗಳು ಹಿಂದಿಲ್ಲವೆಂಬುದೂ ಸತ್ಯ. ಆದರೂ ಒಮ್ಮೆ ಒಡೆದ ವಿಶ್ವಾಸವನ್ನು ಮತ್ತೆ ಕಟ್ಟುವ ಹೊಣೆ ಒಡೆದವರದು, ನಮ್ಮದಲ್ಲ.

ಉಚಿತವಾದ ರಕ್ಷಣೆಯನ್ನು ಜನ ನಂಬಬೇಕಾದ ಸಂದರ್ಭ ಮೈಸೂರಿಗೆ ಹೊಸದೇನೂ ಅಲ್ಲ. 1805ರ ಸುಮಾರಿಗೆ ಟಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ರಾಣಿಯರನ್ನು ಒಂದೇ ಪಟದಲ್ಲಿ ಬರೆದ. ಆ ಚಿತ್ರದಲ್ಲಿ ಕಿರಿಯ ರಾಣಿ ತನ್ನ ಎಡದೋಳಿನ ಮೇಲಣ ಸೆರಗನ್ನು ಸರಿಸಿ ತೋರಿಸುತ್ತಿರುವುದು ಆಗತಾನೆ ದೇಶಕ್ಕೆ ಬಂದಿದ್ದ ಸಿಡುಬಿನ ಲಸಿಕೆಯನ್ನು ಹಾಕಿಸಿಕೊಂಡ ಸ್ಥಳವನ್ನೆಂದೂ, ಜನಕ್ಕೆ ಧೈರ್ಯ ಬರಲೆಂದೇ ಚಿತ್ರವನ್ನು ಬರೆಸಿರಬೇಕೆಂದೂ ಈಚಿನ ಇತಿಹಾಸಜ್ಞರು ಅಭಿಪ್ರಾಯಪಟ್ಟಿದ್ದಾರೆ. ಲಸಿಕೆಯನ್ನು ಹರಡುವುದರಲ್ಲಿ ಕಂಪನಿ ಸರಕಾರಕ್ಕೆ ಸ್ವಾರ್ಥವಿರಲಿಲ್ಲವೆಂದಲ್ಲ. ತನ್ನ ಸೈನ್ಯ ಉಳಿಯಬೇಕು, ತನ್ನ ಹೆಸರು ಬೆಳೆಯಬೇಕು ಎಂಬ ಆಸೆ ಅದಕ್ಕಿತ್ತು. ಆದರೆ ಕೊಡುವವರು ಯಾರೆಂಬುದು ಎಲ್ಲರಿಗೂ ಕಾಣುತ್ತಿತ್ತು; ಹಾಕಿಸಿಕೊಂಡವರು ಯಾರೆಂಬುದೂ ಕಾಣುತ್ತಿತ್ತು. ಅರಮನೆಯ ಹೆಣ್ಣುಮಗಳ ತೋಳಿನ ಮೇಲೆ ಬಿದ್ದ ಗುರುತು ಸಾವಿರ ಸಾರೋಲೆಗಳಿಗಿಂತ ಹೆಚ್ಚಿನ ಸಾಕ್ಷ್ಯವಾಗಿತ್ತು. ನಮ್ಮ ಯಂತ್ರಗಳೊಳಗೆ ಸೇರುವ ಇಂದಿನ ರಕ್ಷಕರಲ್ಲಿ ನನಗೆ ಬೇಕಾದದ್ದೂ ಈ ಬಗೆಯ ಕಾಣುವಿಕೆಯೇ.

ಹಣ ತೆಗೆದುಕೊಂಡೇ ಕೊಡುವವರ ವಿಷಯವಾಗಿ ಒಂದು ಮಾತು. ಪುಣೆಯಲ್ಲಿ ಕ್ಯಾಲ್ಕುಲೇಟರು ರೇಡಿಯೋಗಳನ್ನು ರಿಪೇರಿ ಮಾಡುತ್ತಿದ್ದ ಕೈಲಾಸ್ ಕಾಟ್ಕರ್ ಮತ್ತು ಅವರ ತಮ್ಮ ಸಂಜಯ್ ಕಾಟ್ಕರ್, 1990ರ ದಶಕದಲ್ಲಿ ರಿಪೇರಿಗೆ ಬರುತ್ತಿದ್ದ ಗಣಕಯಂತ್ರಗಳ ವೈರಸ್ಸುಗಳನ್ನು ತೆಗೆಯಲೆಂದು ಬರೆದ ಸಣ್ಣ ಸಾಧನಗಳಿಂದಲೇ ಕ್ವಿಕ್ ಹೀಲ್ ಹುಟ್ಟಿತು. ಚೆನ್ನೈಯ ಕೆ7 ಕೂಡ ಅದೇ ದಶಕದ ಆರಂಭದ್ದು. ನಮ್ಮ ರಿಪೇರಿ ಅಂಗಡಿಗಳಂತಹ ಅಂಗಡಿಯಿಂದಲೇ ಇಂತಹ ಉದ್ಯಮ ಮೇಲೆದ್ದಿತೆಂಬುದು ನನಗೆ ಅಭಿಮಾನದ ಸಂಗತಿ. ಅಂಗಡಿಯ ಲೆಕ್ಕವೂ ಅದೇ ಯಂತ್ರದಲ್ಲಿರುವವರು, ತೊಂದರೆಯಾದಾಗ ದೂರವಾಣಿಯಲ್ಲಿ ಮಾತಾಡುವ ಮನುಷ್ಯ ಬೇಕೆನ್ನುವವರು, ವರ್ಷದ ಚಂದಾ ತೆತ್ತು ಇಂತಹದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ.

ಆದರೆ ಮನೆಯ ಬಳಕೆಗೆ ಅದು ಅನಿವಾರ್ಯವೆ? ಅಲ್ಲವೆಂದೇ ನನ್ನ ನಿರ್ಣಯ. ಇದಕ್ಕೆ ಕಾರಣ ಯಂತ್ರದೊಳಗೇ ಇದೆ. ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟ್ 2009ರಲ್ಲಿ ಸೆಕ್ಯೂರಿಟಿ ಎಸೆನ್ಷಿಯಲ್ಸ್ ಎಂಬ ಉಚಿತ ಆಂಟಿವೈರಸ್ಸನ್ನು ಹೊರತಂದಿತು. 2012ರ ವಿಂಡೋಸ್ 8ರಿಂದ ಮೊದಲ್ಗೊಂಡು ಅದು ಡಿಫೆಂಡರ್ ಎಂಬ ಹೆಸರಿನಲ್ಲಿ ವ್ಯವಸ್ಥೆಯ ಅಂಗವಾಗಿಯೇ ಬರುತ್ತಿದೆ. ಮೊದಮೊದಲು ಅದು ದುರ್ಬಲವಾಗಿದ್ದುದು ನಿಜ. 2012ರ ಕೊನೆಯಲ್ಲಿ ಜರ್ಮನಿಯ ಮಾಗ್ಡೆಬರ್ಗಿನ ಎವಿ-ಟೆಸ್ಟ್ ಸಂಸ್ಥೆ ಸೆಕ್ಯೂರಿಟಿ ಎಸೆನ್ಷಿಯಲ್ಸಿಗೆ ಅರ್ಹತಾಪತ್ರವನ್ನೇ ನಿರಾಕರಿಸಿತ್ತು. ಇಂದು ಅದೇ ಸಂಸ್ಥೆಯ ಪರೀಕ್ಷೆಗಳಲ್ಲಿ ಡಿಫೆಂಡರ್ ಮೇಲಣ ಸಾಲಿನಲ್ಲಿ ನಿಲ್ಲುತ್ತದೆ. ಅದರ ಒಡೆಯನ ಆದಾಯ ವಿಂಡೋಸಿನ ಮಾರಾಟದಿಂದಲೂ ಇತರ ಉದ್ಯಮಗಳಿಂದಲೂ ಬರತಕ್ಕದ್ದು. ವಿಂಡೋಸ್ ಸುರಕ್ಷಿತವೆಂಬ ಹೆಸರು ಉಳಿಯುವುದರಲ್ಲಿ ಅವನ ಹಿತ ಅಡಗಿದೆ. ನಮ್ಮ ವಿವರಗಳಲ್ಲಿ ಅವನೂ ಕೆಲವನ್ನು ಸಂಗ್ರಹಿಸುತ್ತಾನೆ, ಆ ಆಯ್ಕೆಗಳನ್ನು ತೆರೆದು ಕಡಿಮೆಮಾಡಿಕೊಳ್ಳುವುದು ಲೇಸು. ಆದರೆ ವಿಂಡೋಸನ್ನೇ ಬಳಸುತ್ತಿರುವವನು ಅವನನ್ನು ಆಗಲೇ ನಂಬಿದವನು. ಇನ್ನೊಬ್ಬ ಅಪರಿಚಿತನನ್ನು ಒಳಗೆ ಬಿಟ್ಟುಕೊಳ್ಳುವ ಅಗತ್ಯ ಅವನಿಗಿಲ್ಲ.

ಹಾಗೆಂದು ಪರೀಕ್ಷಾಲಯಗಳ ಕೋಷ್ಟಕಗಳಿಗೆ ಮರುಳಾಗಬಾರದು. ಇದಕ್ಕೆ ಆಳವಾದ ಕಾರಣವುಂಟು. ಅಮೆರಿಕದ ಫ್ರೆಡ್ ಕೋಹೆನ್ 1980ರ ದಶಕದಲ್ಲಿಯೇ ಗಣಿತದ ಮಾರ್ಗದಿಂದ ಒಂದು ಸಂಗತಿಯನ್ನು ಸಾಧಿಸಿ ತೋರಿಸಿದರು: ಯಾವ ಕ್ರಮವಿಧಿಯನ್ನು ಮುಂದಿಟ್ಟರೂ ಇದು ವೈರಸ್ಸು ಹೌದು, ಇದು ಅಲ್ಲ ಎಂದು ಎಂದಿಗೂ ತಪ್ಪದೆ ನಿರ್ಣಯಿಸಬಲ್ಲ ಇನ್ನೊಂದು ಕ್ರಮವಿಧಿಯನ್ನು ರಚಿಸುವುದು ತತ್ತ್ವತಃ ಅಸಾಧ್ಯ. ಜಾಣ್ಮೆ ಸಾಲದೆಂದಲ್ಲ, ಹಣ ಸಾಲದೆಂದಲ್ಲ. ತರ್ಕವೇ ಅದಕ್ಕೆ ಎಡೆಗೊಡದು. ಆದುದರಿಂದ ಪ್ರತಿಯೊಂದು ಆಂಟಿವೈರಸ್ಸೂ, ಬೆಲೆ ಎಷ್ಟೇ ಇರಲಿ, ಎರಡು ಬಗೆಯಾಗಿ ತಪ್ಪುತ್ತದೆ: ಬಂದ ಕಳ್ಳನನ್ನು ಬಿಟ್ಟು, ಅಥವಾ ಸಜ್ಜನನನ್ನು ಹಿಡಿದು. 2010ರ ಏಪ್ರಿಲ್‌ನಲ್ಲಿ ಮೆಕಾಫಿಯ ಒಂದು ನವೀಕರಣ ವಿಂಡೋಸ್ ಎಕ್ಸ್‌ಪಿಯ ಅತ್ಯಾವಶ್ಯಕವಾದ ಕಡತವನ್ನೇ ವೈರಸ್ಸೆಂದು ಬಗೆದು, ಲೋಕದ ನಾನಾ ಕಡೆ ಯಂತ್ರಗಳನ್ನು ನಿಲ್ಲಿಸಿಬಿಟ್ಟಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ತಂತ್ರಾಂಶದ ದೋಷಯುಕ್ತ ನವೀಕರಣದಿಂದ ಸುಮಾರು 85 ಲಕ್ಷ ಯಂತ್ರಗಳು ಕೆಟ್ಟು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಿಂದ ಚೀಟಿ ಬರೆದುಕೊಡಬೇಕಾಯಿತು.

ಸಜ್ಜನನನ್ನು ಹಿಡಿಯುವ ಈ ದೋಷ ಕನ್ನಡಿಗರಿಗೆ ವಿಶೇಷವಾಗಿ ತಟ್ಟತಕ್ಕದ್ದು. ಕನ್ನಡದಲ್ಲಿ ಬೆರಳಚ್ಚಿಸಲು ನಾವು ಬಳಸುವ ಹಳೆಯ ತಂತ್ರಾಂಶಗಳು ಕೀಲಿಮಣೆಯ ಪ್ರತಿಯೊಂದು ಒತ್ತುವಿಕೆಯನ್ನೂ ನಡುವೆ ಹಿಡಿದು ಅದನ್ನು ಕನ್ನಡದ ಅಕ್ಷರವಾಗಿ ಮಾರ್ಪಡಿಸುತ್ತವೆ. ಗುಪ್ತಪದಗಳನ್ನು ಕದಿಯುವ ದುಷ್ಟ ತಂತ್ರಾಂಶಗಳೂ ಕೀಲಿಮಣೆಯನ್ನು ಹೀಗೆಯೇ ಕದ್ದು ಕೇಳುತ್ತವೆ. ಹೊರಗಿನಿಂದ ನೋಡಿದರೆ ಎರಡರ ನಡವಳಿಕೆಯೂ ಒಂದೇ. ಲೋಕದಲ್ಲಿ ಕೋಟಿಗಟ್ಟಲೆ ಜನ ಬಳಸುವ ತಂತ್ರಾಂಶವನ್ನು ಆಂಟಿವೈರಸ್ಸು ಪರಿಚಿತವೆಂದು ಬಿಡುತ್ತದೆ. ಕರ್ನಾಟಕದ ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಮಾತ್ರ ಬಳಕೆಯಲ್ಲಿರುವುದು ಅದಕ್ಕೆ ಅಪರಿಚಿತ. ಲಗ್ನಪತ್ರಿಕೆಯ ಕರಡನ್ನು ಸಿದ್ಧಪಡಿಸುತ್ತಿದ್ದ ನನ್ನ ಸ್ನೇಹಿತರೊಬ್ಬರ ಯಂತ್ರದಲ್ಲಿ ಉಚಿತ ಆಂಟಿವೈರಸ್ಸೊಂದು ಕನ್ನಡದ ಕೀಲಿಮಣೆಯನ್ನು ಸೆರೆಯಲ್ಲಿಟ್ಟು, ಅಕ್ಷರಗಳೆಲ್ಲ ಇಂಗ್ಲಿಷಾಗಿ ನಿಂತುವು. ಅಂತಹ ಸಂದರ್ಭದಲ್ಲಿ ಆಂಟಿವೈರಸ್ಸನ್ನು ಪೂರ್ತಿ ನಿಲ್ಲಿಸುವುದು ಸಲ್ಲದು. ಅದರ ಬಂಧನದ ಪಟ್ಟಿಯನ್ನು ತೆರೆದು, ನಂಬಿಕೆಗೆ ಅರ್ಹವಾದ ಮೂಲದಿಂದ ತಂದದ್ದೆಂದು ಖಚಿತವಾದರೆ ಆ ಒಂದನ್ನು ಮಾತ್ರ ಬಿಡಿಸಬೇಕು. ಇನ್ನೂ ಲೇಸಾದುದೆಂದರೆ ವಿಂಡೋಸಿನಲ್ಲಿಯೇ ಇರುವ ಕನ್ನಡದ ಕೀಲಿಮಣೆಯನ್ನು ರೂಢಿಸಿಕೊಳ್ಳುವುದು.

ಡಿಫೆಂಡರಿನ ಹೊರತು ಬೇರೊಂದು ಬೇಕೆನ್ನುವವರಿಗೆ ರುಮೇನಿಯದ ಬಿಟ್‌ಡಿಫೆಂಡರಿನ ಉಚಿತ ಪ್ರತಿ ಇದೆ. ಅದರ ಬದುಕು ಬಹುಮಟ್ಟಿಗೆ ಚಂದಾದಾರರಿಂದಲೂ, ತನ್ನ ತಂತ್ರಜ್ಞಾನವನ್ನು ಬೇರೆ ಸಂಸ್ಥೆಗಳಿಗೆ ಕೊಡುವುದರಿಂದಲೂ ನಡೆಯುತ್ತದೆ. ಮೂಲಸಂಹಿತೆಯೇ ಬಹಿರಂಗವಾಗಿರುವ ಕ್ಲ್ಯಾಮ್‌ಎವಿ ಇದೆ. ತತ್ತ್ವದೃಷ್ಟಿಯಿಂದ ನನಗೆ ಅದು ಅತ್ಯಂತ ಪ್ರಿಯವಾದರೂ, ಮಿಂಚಂಚೆಯ ಯಂತ್ರಾಗಾರಗಳಿಗೆ ಹೇಳಿಮಾಡಿಸಿದ ಅದನ್ನು ಮನೆಯ ಯಂತ್ರಕ್ಕೆ ಮುಖ್ಯ ರಕ್ಷಕವೆಂದು ಸೂಚಿಸಲಾರೆ. ಭಾರತ ಸರಕಾರ 2017ರ ಫೆಬ್ರುವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರ, ದೇಶೀಯ ಆಂಟಿವೈರಸ್ ಸಂಸ್ಥೆಗಳ ಸಹಕಾರದಿಂದ, ಸೋಂಕು ತಗುಲಿದ ಯಂತ್ರವನ್ನು ಶುದ್ಧಿಮಾಡುವ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ; ಪೆನ್‌ಡ್ರೈವುಗಳನ್ನು ನಿಯಂತ್ರಿಸುವ 'ಯುಎಸ್‌ಬಿ ಪ್ರತಿರೋಧ್' ಎಂಬ ಸಾಧನವೂ ಅಲ್ಲಿ ದೊರೆಯುತ್ತದೆ. ನಮ್ಮ ತೆರಿಗೆಯ ಹಣದಿಂದ ನಡೆಯುವ ಈ ಕೇಂದ್ರದ ಹೆಸರನ್ನು ಜೆರಾಕ್ಸ್ ಅಂಗಡಿಗಳವರೇ ಕೇಳಿಲ್ಲವೆಂಬುದು ವಿಷಾದದ ಸಂಗತಿ. ಯಾವುದನ್ನೇ ಆರಿಸಿದರೂ ಒಂದನ್ನೇ ಆರಿಸಬೇಕು. ಎರಡು ಆಂಟಿವೈರಸ್ಸುಗಳು ಒಂದೇ ಕಡತವನ್ನು ಒಂದೇ ಕ್ಷಣದಲ್ಲಿ ತಪಾಸಣೆ ಮಾಡಹೊರಟರೆ ಯಂತ್ರ ತೆವಳುತ್ತದೆ. ಇನ್ನೊಂದನ್ನು ಸ್ಥಾಪಿಸಿದಾಗ ಡಿಫೆಂಡರ್ ತಾನಾಗಿ ಹಿಂದೆ ಸರಿಯುವುದು ಈ ಕಾರಣದಿಂದಲೇ. ಸ್ಥಾಪಿಸಿದ್ದು ಎಚ್ಚರವಾಗಿದೆಯೆ ಎಂದು ನೋಡಲು 'ಐಕಾರ್' ಎಂಬ 68 ಅಕ್ಷರಗಳ ನಿರುಪದ್ರವಿಯಾದ ಸಾಲೊಂದಿದೆ. ಎಲ್ಲ ಆಂಟಿವೈರಸ್ಸುಗಳೂ ಅದನ್ನು ವೈರಸ್ಸೆಂದೇ ಹಿಡಿಯಬೇಕೆಂಬುದು ಅವುಗಳೊಳಗಣ ಒಪ್ಪಂದ.

ಇದೆಲ್ಲಕ್ಕಿಂತ ನನಗೆ ಹೆಚ್ಚು ಆತಂಕವನ್ನುಂಟುಮಾಡುತ್ತಿರುವುದು ಹಳೆಯ ವಿಂಡೋಸ್. 2015ರಲ್ಲಿ ಬಂದ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮ ಬೀದಿಯ ಎಷ್ಟೋ ಯಂತ್ರಗಳು ವಿಂಡೋಸ್ 11ಕ್ಕೆ ಬೇಕಾದ ಸುರಕ್ಷಾ ಚಿಪ್ಪಿಲ್ಲದ ಹಳೆಯವು. ಡಿಫೆಂಡರಿನ ವೈರಸ್ ಪಟ್ಟಿ ಇನ್ನೂ ಕೆಲವು ವರ್ಷ ಅವುಗಳಿಗೆ ಬರುತ್ತಿರುತ್ತದೆಂದು ಮೈಕ್ರೋಸಾಫ್ಟ್ ಹೇಳಿದೆ. ಜನ ಅದರಿಂದ ಸಮಾಧಾನಪಟ್ಟುಕೊಂಡಿದ್ದಾರೆ. ಆದರೆ ಗೋಡೆಯಲ್ಲಿ ಬಿರುಕು ಬಿಟ್ಟ ಮೇಲೆ ಕಳ್ಳರ ಪಟ್ಟಿ ಎಷ್ಟು ಉದ್ದವಿದ್ದರೇನು? 2017ರ ಮೇ ತಿಂಗಳಲ್ಲಿ ಲೋಕದ ಆಸ್ಪತ್ರೆಗಳನ್ನೂ ಕಾರ್ಖಾನೆಗಳನ್ನೂ ನಿಲ್ಲಿಸಿದ ವಾನ್ನಾಕ್ರೈ ಎಂಬ ಕ್ರಿಮಿ ನುಗ್ಗಿದ ಬಿರುಕಿಗೆ ತೇಪೆ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲಿಯೇ, ಸಿದ್ಧವಾಗಿತ್ತು. ಹಾನಿಗೊಳಗಾದವರು ಅದನ್ನು ಹಚ್ಚದೆ ಇದ್ದವರು. ವಿಂಡೋಸಿನ ಸುರಕ್ಷಾ ನವೀಕರಣಗಳ ವಿಸ್ತರಣೆಗೆ ಹೆಸರು ನೋಂದಾಯಿಸಿಕೊಳ್ಳುವುದು, ಇಲ್ಲವೇ ಅದೇ ಯಂತ್ರದಲ್ಲಿ ಉಚಿತವಾದ ಲಿನಕ್ಸ್ ವ್ಯವಸ್ಥೆಯನ್ನು ಸ್ಥಾಪಿಸಿಕೊಳ್ಳುವುದು, ಆಂಟಿವೈರಸ್ಸಿನ ಆಯ್ಕೆಗಿಂತ ಮೊದಲು ಆಗತಕ್ಕ ಕೆಲಸ. ಬರೆಯುವುದು, ಓದುವುದು, ಬ್ರೌಸರಿನಲ್ಲಿ ಮಿಂಚಂಚೆ ನೋಡುವುದು ಇಷ್ಟೇ ಉಳ್ಳ ಮನೆಗೆ ಲಿನಕ್ಸ್ ಧಾರಾಳವಾಗಿ ಸಾಕು.

ವಾನ್ನಾಕ್ರೈಯ ಜಾತಿಯವು ಕಡತಗಳಿಗೆ ಗೂಢಲಿಪಿಯ ಬೀಗ ಜಡಿದು ಬಿಡುಗಡೆಗೆ ಹಣ ಕೇಳುತ್ತವೆ. ಯಾವ ಆಂಟಿವೈರಸ್ಸೂ ಇವನ್ನೆಲ್ಲ ತಡೆಯಬಲ್ಲದೆಂಬ ಭರವಸೆ ಇಲ್ಲವಾದ್ದರಿಂದ, ಚಿತ್ರಗಳ ಮತ್ತು ಕಾಗದಪತ್ರಗಳ ಒಂದು ಪ್ರತಿಯನ್ನು ಹೊರಗಣ ಹಾರ್ಡ್ ಡಿಸ್ಕಿಗೆ ತೆಗೆದು, ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿ ಬೀರುವಿನಲ್ಲಿ ಇಡುವುದೇ ನಿಶ್ಚಿತವಾದ ಉಪಾಯ. ಚುಚ್ಚಿಯೇ ಬಿಟ್ಟಿರುವ ಡಿಸ್ಕಿಗೂ ಬೀಗ ಬೀಳುತ್ತದೆ. ಆಂಟಿವೈರಸ್ಸಿಗೆ ವರ್ಷವರ್ಷವೂ ಕೊಡಬೇಕೆಂದಿದ್ದ ಹಣವನ್ನು ಒಮ್ಮೆ ಇದಕ್ಕೆ ವಿನಿಯೋಗಿಸಿರೆಂದು ಎದುರುಮನೆಯವರಿಗೆ ಹೇಳಿದೆ. ಅವರು ತಮ್ಮ ತಂದೆಯವರ ಹಸ್ತಪ್ರತಿಗಳ ಛಾಯಾಪ್ರತಿಗಳನ್ನು ಹಾಗೆಯೇ ಇಟ್ಟುಕೊಂಡಿದ್ದಾರೆ.

ಇನ್ನು, ಪರದೆಯ ತುಂಬ ಕೆಂಪು ಅಕ್ಷರಗಳು ಮೂಡಿ, ನಿಮ್ಮ ಯಂತ್ರಕ್ಕೆ ವೈರಸ್ಸು ತಗುಲಿದೆ, ಈ ಸಂಖ್ಯೆಗೆ ಕರೆಮಾಡಿ ಎಂದು ಕೂಗಿದರೆ ಅದು ಆಂಟಿವೈರಸ್ಸಿನ ಎಚ್ಚರಿಕೆಯಲ್ಲ, ವಂಚನೆ. ನಿಜವಾದ ಆಂಟಿವೈರಸ್ಸು ಎಚ್ಚರಿಸುವಾಗ ಹಾಗೆ ಅಪರಿಚಿತ ಸಂಖ್ಯೆಗೆ ಕರೆಮಾಡಿರೆಂದು ಹೇಳುವುದಿಲ್ಲ. ಬ್ರೌಸರನ್ನು ಮುಚ್ಚಿದರೆ ಸಾಕು. ಹಣ ಹೋಗಿಯೇಬಿಟ್ಟಿದ್ದರೆ ಸಂಕೋಚಪಡದೆ ಒಡನೆಯೇ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆಮಾಡಬೇಕು. ಕರೆ ಬೇಗನೆ ಹೋದಷ್ಟೂ ಹಣವನ್ನು ತಡೆಹಿಡಿಯುವ ಸಂಭವ ಹೆಚ್ಚು.

ಕೊನೆಯದಾಗಿ ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಮಾತೊಂದಿದೆ. ಯಾವ ಉಚಿತ ತಂತ್ರಾಂಶವನ್ನು ಸ್ಥಾಪಿಸಹೊರಟರೂ ಮೊದಲು ಒಂದು ನಿಬಂಧನೆಯ ಪತ್ರ ತೆರೆಯುತ್ತದೆ. ಅದು ಇಂಗ್ಲಿಷಿನಲ್ಲಿ, ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ, ಪುಟಗಟ್ಟಲೆ ಇರುತ್ತದೆ. ಕೆಳಗೆ ಒಪ್ಪಿಗೆಯ ಗುಂಡಿ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದ ಹೆಂಗಸು ಅದನ್ನು ಓದಲಾರದೆ ಒತ್ತಿದರೆ, ಆಕೆ ಒಪ್ಪಿದಳೆಂದು ಹೇಳುವುದು ನ್ಯಾಯವೆ? ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ನ್ಯಾಯವಲ್ಲವೆಂದೇ ಬಗೆದಂತೆ ತೋರುತ್ತದೆ. ವಿವರಗಳನ್ನು ಸಂಗ್ರಹಿಸಲು ಸಮ್ಮತಿ ಕೇಳುವವರು ತಮ್ಮ ಕೋರಿಕೆಯನ್ನು ಸ್ಪಷ್ಟವಾದ ಸರಳ ಭಾಷೆಯಲ್ಲಿಡಬೇಕೆಂದೂ, ಅದನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕೆಂದೂ ಅದು ವಿಧಿಸಿದೆ. ಆ ಪರಿಚ್ಛೇದದಲ್ಲಿ ಕನ್ನಡವೂ ಇದೆ. ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ವಿಧಿಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಧಿಯನ್ನು ಗೊತ್ತುಮಾಡಲಾಗಿದೆ. ಆ ದಿನ ಬಂದ ಮೇಲೆ, ನಿಮ್ಮ ಯಂತ್ರದೊಳಗೆ ಬರಲು ಅಪ್ಪಣೆ ಕೇಳುವ ಯಾವುದೇ ತಂತ್ರಾಂಶವಿರಲಿ, ಒಪ್ಪಿಗೆಯ ಗುಂಡಿಯನ್ನು ಒತ್ತುವ ಮುನ್ನ ಅದರ ಸೂಚನೆಯನ್ನು ಕನ್ನಡದಲ್ಲಿ ತೋರಿಸಿರೆಂದು ದಯಮಾಡಿ ಕೇಳಿರಿ. ಕೊಡದಿದ್ದರೆ ಬರೆದು ದೂರು ಕೊಡಿರಿ.